ಬಲಗಡೆಯ ಫೋಲ್ಡರ್

ಎರಡು ಫೋಲ್ಡರುಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದರಲ್ಲೇ ನನ್ನ ಹತ್ತೊಂಬತ್ತು ವರ್ಷ ಹೋಯಿತು. ಗಲ್ಫಿನ ಒಂದು ಕಟ್ಟಡ ಕಂಪನಿಯಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್ ಆಗಿದ್ದೆ. ರಜೆಯಲ್ಲಿ ಊರಿಗೆ ಬಂದಾಗ ಭಾನುವಾರದ ಪೂಜೆ ಮುಗಿದು ಇಗರ್ಜಿಯ ಮುಂದೆ ಸಿಕ್ಕಿದವರು ಆ ಹೆಸರು ಕೇಳಿ ಹುಬ್ಬೇರಿಸುತ್ತಿದ್ದರು. ನಾನೂ ಬಿಡಿಸಿ ಹೇಳಲು ಹೋಗುತ್ತಿರಲಿಲ್ಲ. ಕೆಲಸ ಇದ್ದದ್ದು ಇಷ್ಟೆ: ಸೈಟಿನಿಂದ ಬಂದ ನಕ್ಷೆಗಳ ಫೋಲ್ಡರು ಪರದೆಯ ಒಂದು ಕಡೆ, ಆಫೀಸಿನಲ್ಲಿದ್ದ ಫೋಲ್ಡರು ಇನ್ನೊಂದು ಕಡೆ. ಯಾವುದು ಹೊಸದು, ಯಾವುದು ಹಳೆಯದು, ಯಾವುದು ಒಂದೇ ಕಡೆ ಇದೆ ಎಂದು ಸಾಫ್ಟ್‌ವೇರು ಬಣ್ಣ ಬಳಿದು ತೋರಿಸುತ್ತಿತ್ತು. ನಾನು ಗುಂಡಿ ಒತ್ತುತ್ತಿದ್ದೆ. ಎರಡು ಕಡೆಯೂ ಒಂದೇ ಆದ ಮೇಲೆ ಚಹಾ ಕುಡಿಯುತ್ತಿದ್ದೆ.

ಮಿರರ್ ಎಂಬ ಒಂದು ಗುಂಡಿ ಇದೆ. ಮೊದಲನೆಯ ಫೋಲ್ಡರಿನಲ್ಲಿ ಏನಿದೆಯೋ ಎರಡನೆಯದರಲ್ಲೂ ಅದೇ ಇರುವಂತೆ ಅದು ಮಾಡುತ್ತದೆ. ಮೊದಲನೆಯದರಲ್ಲಿ ಇಲ್ಲದ್ದು ಎರಡನೆಯದರಲ್ಲಿ ಇದ್ದರೆ ಅದನ್ನು ಅಳಿಸಿ ಹಾಕುತ್ತದೆ. ಒತ್ತಿದ ಕೂಡಲೇ ಇಷ್ಟಿಷ್ಟು ಫೈಲುಗಳು ಹೋಗುತ್ತವೆ, ಆಗಬಹುದೇ ಎಂದು ಕೇಳುತ್ತದೆ. ಆ ಎಚ್ಚರಿಕೆಯನ್ನು ಓದುವವರೆಲ್ಲ ಹೊಸಬರು ಎಂಬುದು ನನ್ನ ಅಭಿಪ್ರಾಯವಾಗಿತ್ತು. ಅಳಿಸಿದ್ದನ್ನು ರಿಸೈಕಲ್ ಬಿನ್ನಿಗೆ ಹಾಕಿಡುವ ವ್ಯವಸ್ಥೆಯೂ ಅದರಲ್ಲಿ ಉಂಟು. ಕೆಲಸ ನಿಧಾನವಾಗುತ್ತದೆ ಎಂದು ನಾನು ಅದನ್ನು ಯಾವತ್ತೂ ಬಂದ್ ಮಾಡಿಯೇ ಇಡುತ್ತಿದ್ದೆ.

ಇನ್ನೊಂದು ವಿಷಯ ಹೇಳಬೇಕು. ನಮ್ಮ ಆಫೀಸಿನ ಕಂಪ್ಯೂಟರುಗಳೆಲ್ಲ ಅರೇಬಿಕ್‌ನಲ್ಲಿದ್ದವು. ಅರೇಬಿಕ್ ಓದುವುದು ಬಲದಿಂದ ಎಡಕ್ಕೆ, ಹಾಗಾಗಿ ಪರದೆಯೂ ತಿರುಗಿಕೊಂಡಿರುತ್ತಿತ್ತು. ಮೊದಲನೆಯ ಫೋಲ್ಡರು ಬಲಗಡೆ, ಎರಡನೆಯದು ಎಡಗಡೆ. ಮೊದಲ ತಿಂಗಳು ತಲೆ ಕೆಟ್ಟುಹೋಗಿತ್ತು. ಆಮೇಲೆ ಕೈ ತಾನಾಗಿ ಕಲಿತುಬಿಟ್ಟಿತು.

ಕಂಪನಿಯವರು ಆಳು ಕಡಿಮೆ ಮಾಡಿದಾಗ ನಾನು ಮಂಗಳೂರಿಗೆ ಬಂದೆ. ಹೆಂಡತಿ ಅಲ್ಲಿ ನರ್ಸ್, ಅವಳೂ ಮಗಳೂ ಅಲ್ಲೇ ಉಳಿದರು. ನಂತೂರಿನ ಹತ್ತಿರದ ಮನೆಯಲ್ಲಿ ಅಕ್ಕ ಒಬ್ಬಳೇ ಇದ್ದಳು. ಮದುವೆಯಾಗಲಿಲ್ಲ. ಬಲ್ಮಠದ ಕಡೆಯ ಒಂದು ಶಾಲೆಯಲ್ಲಿ ಮೂವತ್ತು ವರ್ಷ ಸಣ್ಣ ಮಕ್ಕಳಿಗೆ ಪಾಠ ಮಾಡಿ ನಿವೃತ್ತಳಾಗಿದ್ದಳು. ನಾನು ಬರುವಾಗಲೇ ಅವಳ ಸ್ವರ ಒಡೆದಿತ್ತು. ‘ಚಾಕ್‌ಪೀಸಿನ ಧೂಳು, ಇನ್ನೆಂತ’ ಎಂದು ಕಷಾಯ ಕುಡಿದುಕೊಂಡು ದಿನ ದೂಡಿದಳು. ಕೊನೆಗೆ ನಾನೇ ಜಗಳ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗಂಟಲಿನಿಂದ ಸಣ್ಣ ತುಂಡು ತೆಗೆದು ಪರೀಕ್ಷೆ ಮಾಡಿದರು. ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ಇಲ್ಲದಿದ್ದರೆ ಜೀವ ಉಳಿಯುವುದಿಲ್ಲ ಎಂದರು. ತೆಗೆದ ಮೇಲೆ ಅವಳಿಗೆ ಸ್ವರ ಇರುವುದಿಲ್ಲ. ಮುಂದೆ ಯಂತ್ರ ಇಟ್ಟು ಮಾತಾಡಿಸಬಹುದು, ಆದರೆ ಅದು ಅವಳ ಸ್ವರ ಆಗುವುದಿಲ್ಲ.

ಆಪರೇಷನ್ನಿಗೆ ಮೂರೂವರೆ ವಾರ ಇತ್ತು. ಮಾತಿನ ತರಬೇತಿ ಕೊಡುವ ಹುಡುಗಿಯೊಬ್ಬಳು ಆಸ್ಪತ್ರೆಯಲ್ಲಿದ್ದಳು. ಈಗಿನ ಸ್ವರದಲ್ಲೇ ಬೇಕಾದ ಮಾತುಗಳನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ, ಆಮೇಲೆ ಫೋನಿನಲ್ಲಿ ಬಟನ್ ಒತ್ತಿದರೆ ನಿಮ್ಮದೇ ಮಾತು ಕೇಳುತ್ತದೆ ಎಂದು ಹೇಳಿ ಅರವತ್ತು ವಾಕ್ಯಗಳ ಒಂದು ಪಟ್ಟಿ ಕೊಟ್ಟಳು. ನೀರು ಕೊಡಿ, ಕಿಟಕಿ ತೆರೆಯಿರಿ, ಬೆನ್ನು ನೋಯುತ್ತಿದೆ, ಇಂಥವು. ಅಕ್ಕ ಎರಡೇ ದಿನದಲ್ಲಿ ಅದನ್ನು ಮುಗಿಸಿದಳು. ನಾನು ಅರವತ್ತು ಫೈಲುಗಳನ್ನೂ ಒಂದು ಪೆನ್‌ಡ್ರೈವಿಗೆ ಹಾಕಿಟ್ಟೆ.

‘ಇದು ರೋಗಿಯ ಮಾತು ಮಾರಾಯ’ ಎಂದಳು ಅಕ್ಕ. ‘ನಾನು ಜೀವಮಾನ ಇಡೀ ಕಿಟಕಿ ತೆರೀರಿ ಅಂತ ಹೇಳ್ತಾ ಕೂತ್ಕೊಳ್ಳುದಾ? ನನಗೆ ನನ್ನ ಮಾತು ಬೇಕು.’

ಅಲ್ಲಿಂದ ಶುರುವಾಯಿತು. ಮಲಗುವ ಕೋಣೆಯ ಬಾಗಿಲು ಕಿಟಕಿ ಮುಚ್ಚಿ, ಲ್ಯಾಪ್‌ಟಾಪಿಗೆ ಮೈಕು ಸಿಕ್ಕಿಸಿಕೊಂಡು ಮಂಚದ ಮೇಲೆ ಕೂರುತ್ತಿದ್ದಳು. ನಂತೂರಿನ ಹೆದ್ದಾರಿಯ ಲಾರಿಗಳು ಸುಮ್ಮನಿರಬೇಕಲ್ಲ. ವಾಕ್ಯದ ನಡುವೆ ಹಾರ್ನ್ ಬಡಿದರೆ ಡ್ರೈವರನಿಗೆ ಬೈದು ಮತ್ತೆ ಮೊದಲಿನಿಂದ ಹೇಳುತ್ತಿದ್ದಳು. ಒಮ್ಮೆ ಆ ಬೈಗುಳವೇ ರೆಕಾರ್ಡ್ ಆಯಿತು. ಕೇಳಿ ನಕ್ಕು, ‘ಇದೂ ಇರ್ಲಿ, ಬೇಕಾಗ್ತದೆ’ ಎಂದು ಅದನ್ನೂ ಉಳಿಸಿಕೊಂಡಳು.

ಮನೆಯಲ್ಲಿ ನಮ್ಮದು ಕೊಂಕಣಿ. ಅವಳ ಮಾತನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವಳು ಮೂರು ಭಾಷೆಗೆ ಮೂರು ಫೋಲ್ಡರು ಮಾಡಿದ್ದಳು. ಕೊಂಕಣಿಯದರಲ್ಲಿ ಜಪಸರದ ತೇರ್ಸ್ ಪ್ರಾರ್ಥನೆ ಇಡೀ ಇತ್ತು, ಊಟಕ್ಕೆ ನನ್ನನ್ನು ಕರೆಯುವ ಐದಾರು ಬಗೆ ಇತ್ತು, ಕೊನೆಯದು ಸಿಟ್ಟಿನದು. ತುಳುವಿನಲ್ಲಿ ಮನೆ ಬಾಗಿಲಿಗೆ ಬರುವ ಮೀನಿನ ಹೆಂಗಸಿನ ಹತ್ತಿರ ಮಾತಾಡಲಿಕ್ಕೆ ಬೇಕಾದದ್ದು. ನಿನ್ನೆಯ ಮೀನಲ್ಲವಾ ಇದು ಎಂದು ಕೇಳುವ ‘ಉಂದು ಕೋಡೆದ ಮೀನ್ ಅತ್ತಾ?’ ಎಂಬುದನ್ನು, ಸಂಶಯ ಸರಿಯಾಗಿ ಬರಲಿಲ್ಲ ಎಂದು ನಾಲ್ಕು ಸಲ ಹೇಳಿದ್ದಳು. ಕನ್ನಡದಲ್ಲಿ ಶಾಲೆಯದು: ಸುಮ್ಮನೆ ಕೂತ್ಕೊಳ್ಳಿ, ಇನ್ನೊಮ್ಮೆ ಓದು, ಹೆದರಬೇಡ ಮಗು ಬಾ. ನಿವೃತ್ತಳಾದವಳಿಗೆ ಇದೆಲ್ಲ ಎಂತಕ್ಕೆ ಎಂದು ಕೇಳಿದೆ. ‘ಯಾವುದಾದ್ರೂ ಮಗು ಸಿಕ್ಕಿದ್ರೆ?’ ಎಂದಳು. ನನ್ನ ಮಗಳ ಮದುವೆಗೆ ಹೇಳುವ ಆಶೀರ್ವಾದವನ್ನೂ ರೆಕಾರ್ಡ್ ಮಾಡಿದಳು. ಮಗಳು ಇನ್ನೂ ಒಂಬತ್ತನೇ ಕ್ಲಾಸು.

ಸ್ವರ ದಿನದಿಂದ ದಿನಕ್ಕೆ ಕೆಡುತ್ತಿತ್ತು. ಕೊನೆಯ ವಾರ ಹತ್ತು ಮಾತು ಹೇಳಿದರೆ ಅರ್ಧ ಗಂಟೆ ಸುಮ್ಮನಿರಬೇಕಾಗುತ್ತಿತ್ತು. ಆದರೂ ಬಿಡಲಿಲ್ಲ. ಮುನ್ನೂರ ನಲವತ್ತಕ್ಕೂ ಹೆಚ್ಚು ಆಯಿತು. ಒಂದೊಂದಕ್ಕೂ ತಾನೇ ಹೆಸರು ಟೈಪ್ ಮಾಡಿದ್ದಳು.

ಆಸ್ಪತ್ರೆಗೆ ಸೇರುವ ಹಿಂದಿನ ಸಂಜೆ, ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿಕೊಡು ಎಂದು ಲ್ಯಾಪ್‌ಟಾಪನ್ನು ನನ್ನ ಕೈಗೆ ಕೊಟ್ಟಳು. ಸುಮ್ಮನೆ ಎಳೆದು ಹಾಕಿದ್ದರೆ ಸಾಕಿತ್ತು. ಯಾವ ಹುಡುಗನಾದರೂ ಅಷ್ಟೇ ಮಾಡುತ್ತಿದ್ದ. ಆದರೆ ನಾನು ಕಸುಬಿನವನಲ್ಲವೇ! ಆ ಸಾಫ್ಟ್‌ವೇರನ್ನೇ ಹಾಕಿಕೊಂಡೆ, ರಿಸೈಕಲ್ ಬಿನ್ನನ್ನು ಎಂದಿನಂತೆ ಬಂದ್ ಮಾಡಿದೆ. ಹೊಸ ಮಾತುಗಳಿದ್ದ ಲ್ಯಾಪ್‌ಟಾಪಿನ ಫೋಲ್ಡರನ್ನು ಬಲಗಡೆ ಇಟ್ಟೆ, ಹಳೆಯ ಅರವತ್ತಿದ್ದ ಪೆನ್‌ಡ್ರೈವನ್ನು ಎಡಗಡೆ ಇಟ್ಟೆ. ಹತ್ತೊಂಬತ್ತು ವರ್ಷ ಮಾಡಿದ ಹಾಗೆಯೇ. ಈ ಲ್ಯಾಪ್‌ಟಾಪು ಇಂಗ್ಲಿಷಿನಲ್ಲಿತ್ತು, ಇಲ್ಲಿ ಮೊದಲನೆಯದು ಎಡಗಡೆಯದು. ಅದು ನನ್ನ ತಲೆಗೆ ಬರಲೇ ಇಲ್ಲ. ಮಿರರ್ ಒತ್ತಿದೆ. ಇಷ್ಟು ಫೈಲು ಅಳಿಸಿಹೋಗುತ್ತದೆ ಎಂದು ಕೇಳಿತು. ಓದದೆ ಹೌದು ಎಂದೆ. ಕಣ್ಣುಮುಚ್ಚಿ ಬಿಡುವುದರೊಳಗೆ ಮುಗಿಯಿತು. ಮತ್ತೆ ಹೋಲಿಸಿದೆ. ಎರಡೂ ಕಡೆ ಒಂದೇ, ವ್ಯತ್ಯಾಸ ಏನೂ ಇಲ್ಲ ಎಂದು ತೋರಿಸಿತು.

‘ಆಯ್ತು. ಎರಡೂ ಕಡೆ ಸೇಮ್ ಉಂಟು’ ಎಂದು ಅಡುಗೆಮನೆಗೆ ಕೂಗಿ ಹೇಳಿದೆ. ಒಳಗಿನಿಂದ ‘ಬದುಕಿದೆ’ ಎಂದಳು.

ಮಾರನೆಯ ದಿನ ದಾಖಲಾದಳು. ಅದರ ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಆಪರೇಷನ್. ಎಂಟೂವರೆಗೆ ಅವಳ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಮಾತುಗಳನ್ನು ಅವಳ ಫೋನಿಗೆ ಹಾಕೋಣ ಎಂದು ಪೆನ್‌ಡ್ರೈವ್ ಸಿಕ್ಕಿಸಿದೆ. ಅರವತ್ತು ಬಂತು. ಮೂರು ಭಾಷೆಯ ಫೋಲ್ಡರುಗಳು ಕಾಣಲಿಲ್ಲ. ಕಾಪಿ ಆಗಿಲ್ಲ ಎಂದುಕೊಂಡು ಚೀಲದಿಂದ ಲ್ಯಾಪ್‌ಟಾಪ್ ತೆಗೆದೆ. ಅದರಲ್ಲೂ ಅರವತ್ತೇ. ಆಗ ನನ್ನ ಕೈ ಎಂತ ಮಾಡಿತ್ತು ಎಂದು ನನಗೆ ಗೊತ್ತಾಯಿತು. ಎಡ ಬಲ ಎರಡೂ ಕಣ್ಣಿಗೆ ಕಟ್ಟಿತು.

ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಬೆಳಿಗ್ಗೆಯಿಂದ ಹೆಚ್ಚು ಮಾತಾಡಿರಲಿಲ್ಲ. ‘ಹೇಳುದೆಲ್ಲ ಹೇಳಿ ಆಗಿದೆ. ಇನ್ನು ಎಂತ ಉಂಟು?’ ಎಂದು ಆರಾಮದಲ್ಲಿ ಜಪಸರ ಹಿಡಿದುಕೊಂಡಿದ್ದಳು. ಒಂದು ಗಂಟೆ ಇತ್ತು. ಒಡೆದದ್ದಾದರೂ ಸ್ವರ ಇತ್ತು. ಫೋನು ನನ್ನ ಕೈಯಲ್ಲೇ ಇತ್ತು. ‘ಅಕ್ಕಾ, ಹೀಗೆ ಮಾಡಿಬಿಟ್ಟೆ, ಆದಷ್ಟು ಹೇಳು’ ಎಂದಿದ್ದರೆ ಅವಳು ನಾಲ್ಕು ಬೈದು ಶುರು ಮಾಡುತ್ತಿದ್ದಳು. ಆ ನಾಲ್ಕು ಬೈಗುಳವಾದರೂ ಉಳಿಯುತ್ತಿತ್ತು. ಮೂವತ್ತು ನಲವತ್ತು ಮಾತು ಖಂಡಿತ ಆಗುತ್ತಿತ್ತು.

ನಾನು ಹೇಳಲಿಲ್ಲ. ಚಹಾ ಕುಡಿದು ಬರುತ್ತೇನೆ ಎಂದು ವರಾಂಡಕ್ಕೆ ಹೋದೆ. ಗಲ್ಫಿನಲ್ಲಿ ಜೊತೆಗೆ ಕೆಲಸ ಮಾಡಿದ ತೊಕ್ಕೊಟ್ಟಿನ ಗೆಳೆಯನಿಗೆ ಫೋನ್ ಮಾಡಿದೆ. ಅವನು ಬ್ಯಾರಿ ಮುಸ್ಲಿಮ, ಈಗ ತೊಕ್ಕೊಟ್ಟಿನಲ್ಲೇ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ವಿಷಯ ಕೇಳಿ, ‘ಲ್ಯಾಪ್‌ಟಾಪ್ ಮುಟ್ಟಬೇಡ, ಆಫ್ ಮಾಡು. ರಿಕವರಿ ಮಾಡುವವರು ಇದ್ದಾರೆ, ಸಿಗ್ಲೂಬಹುದು’ ಎಂದ. ಆಮೇಲೆ, ‘ಆದ್ರೆ ನೀನು ಮೊದ್ಲು ಅಕ್ಕನಿಗೆ ಹೇಳು ಮಾರಾಯ’ ಎಂದ. ನಾನು ಅವನ ಮೊದಲ ಮಾತನ್ನು ಹಿಡಿದುಕೊಂಡೆ, ಎರಡನೆಯದನ್ನು ಬಿಟ್ಟೆ. ಆಪರೇಷನ್ನಿನ ಹೊತ್ತಿಗೆ ಅವಳ ಮನಸ್ಸು ಕೆಡಿಸುವುದು ಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನಗೆ ಅವಳ ಮುಖ ನೋಡುವ ಧೈರ್ಯ ಇರಲಿಲ್ಲ, ಅಷ್ಟೆ. ಹೇಡಿತನಕ್ಕೆ ಕರುಣೆಯ ಅಂಗಿ ತೊಡಿಸಿ ಅರ್ಧ ಗಂಟೆ ವರಾಂಡದಲ್ಲಿ ಅತ್ತಿಂದಿತ್ತ ನಡೆದೆ.

ಗಾಲಿಮಂಚದಲ್ಲಿ ಕರೆದುಕೊಂಡು ಹೋಗುವಾಗ ಜೊತೆಗೆ ಹೋದೆ. ಅಕ್ಕ ನನ್ನನ್ನು ನೋಡಿ, ‘ನಿನ್ನ ಮುಖ ಎಂತಕ್ಕೆ ಹಾಗೆ? ಆಪರೇಷನ್ ನನಗೆ ಮಾರಾಯ’ ಎಂದಳು. ತಳ್ಳುತ್ತಿದ್ದವರೂ ನಕ್ಕರು. ಬಾಗಿಲು ಮುಚ್ಚಿತು. ನಾನು ಕೇಳಿದ ಅವಳ ಕೊನೆಯ ಮಾತು ಅದು.

ಬಲ್ಮಠದಲ್ಲಿ ಹಾಳಾದ ಡಿಸ್ಕುಗಳಿಂದ ಫೈಲು ತೆಗೆದುಕೊಡುವ ಒಬ್ಬರಿದ್ದರು. ಆಪರೇಷನ್ ಚೆನ್ನಾಗಿ ಆಯಿತು ಎಂದು ಡಾಕ್ಟರು ಹೇಳಿದ ಮೇಲೆ, ಮಧ್ಯಾಹ್ನವೇ ಲ್ಯಾಪ್‌ಟಾಪ್ ಹಿಡಿದುಕೊಂಡು ಅಲ್ಲಿಗೆ ಓಡಿದೆ. ಮೂರು ದಿನ ಇಟ್ಟುಕೊಂಡರು. ‘ಇದರಲ್ಲಿರುದು ಹೊಸ ಥರದ ಡಿಸ್ಕ್ ಸರ್. ಡಿಲೀಟ್ ಮಾಡಿದ ಜಾಗವನ್ನು ಅದೇ ಒರೆಸಿ ಇಡ್ತದೆ. ಹಳೇ ಥರದ್ದಾದ್ರೆ ಟ್ರೈ ಮಾಡ್ಬಹುದಿತ್ತು. ಇದರಲ್ಲಿ ಎಂತದೂ ಇಲ್ಲ’ ಎಂದರು. ದುಡ್ಡು ತೆಗೆದುಕೊಳ್ಳಲಿಲ್ಲ. ಅದೂ ನನಗೆ ಅವಮಾನವೆನಿಸಿತು.

ಅಕ್ಕನ ಕತ್ತಿನಲ್ಲಿ ಉಸಿರಾಡಲಿಕ್ಕೆ ತೂತು ಮಾಡಿದ್ದರು, ಮೂಗಿನಲ್ಲಿ ಆಹಾರದ ನಳಿಗೆ ಇತ್ತು. ನಾಲ್ಕನೆಯ ದಿನ ಫೋನು ಕೇಳಿದಳು. ಅರವತ್ತು ಮಾತು ಅದರಲ್ಲಿತ್ತು. ಉಳಿದದ್ದೆಲ್ಲಿ ಎಂದು ಕೈಸನ್ನೆ ಮಾಡಿದಳು. ‘ಲ್ಯಾಪ್‌ಟಾಪ್ ರಿಪೇರಿಗೆ ಕೊಟ್ಟಿದ್ದೇನೆ, ಬಂದ ಕೂಡ್ಲೆ ಹಾಕ್ತೇನೆ’ ಎಂದೆ. ಅವಳು ನಂಬಿದಳು. ಅಲ್ಲಿಯವರೆಗೆ ಪಟ್ಟಿಯ ಮಾತುಗಳಲ್ಲೇ ಸುಧಾರಿಸಿಕೊಂಡಳು. ಅವಳ ಶಾಲೆಯ ಸ್ವರ, ಒಡೆದಿದ್ದರೂ ಸ್ಪಷ್ಟವಾಗಿ, ಫೋನಿನಿಂದ ‘ಬೆನ್ನು ನೋಯುತ್ತಿದೆ’ ಎನ್ನುತ್ತಿತ್ತು. ‘ಟೀಚರ್ ಎಷ್ಟು ಚಂದ ಮಾತಾಡ್ತಾರೆ!’ ಎಂದು ನರ್ಸುಗಳು ಹೇಳುತ್ತಿದ್ದರು. ಅವಳು ನನ್ನ ಕಡೆ ನೋಡಿ, ಇವರಿಗೆ ನನ್ನ ಅಸಲಿ ಮಾತು ಕೇಳಿಸಬೇಕು ಎಂಬಂತೆ ಕಣ್ಣಲ್ಲೇ ನಗುತ್ತಿದ್ದಳು. ನಾನು ಆ ಕಡೆ ಈ ಕಡೆ ನೋಡುತ್ತಿದ್ದೆ.

ಒಂಬತ್ತನೆಯ ದಿನ ಹೇಳಿದೆ. ಇನ್ನು ತಡೆದುಕೊಳ್ಳಲು ಆಗಲಿಲ್ಲ. ಎಡಗಡೆ, ಬಲಗಡೆ, ಮಿರರ್, ಎಲ್ಲವನ್ನೂ ತಲೆ ತಗ್ಗಿಸಿ ಹೇಳಿದೆ. ಹೇಳಿ ಮುಗಿಸಿದಾಗ ನಾನು ಅಳುತ್ತಿದ್ದೆ.

ಅಕ್ಕ ನೋಟ್‌ಬುಕ್ ಎಳೆದುಕೊಂಡು, ಬೋರ್ಡಿನ ಮೇಲೆ ಬರೆಯುವಂಥ ದುಂಡು ಅಕ್ಷರದಲ್ಲಿ ಬರೆದಳು: ‘ತಪ್ಪು ಯಾರಿಗೂ ಆಗ್ತದೆ. ಅಳಬೇಡ.’ ಬದುಕಿದೆ ಎಂದುಕೊಳ್ಳುವಷ್ಟರಲ್ಲಿ ಅವಳು ಇನ್ನೊಂದು ಸಾಲು ಬರೆದು ನನ್ನ ಕಡೆ ತಿರುಗಿಸಿದಳು.

‘ನಿನಗೆ ಯಾವಾಗ ಗೊತ್ತಾಯ್ತು?’

ನಿನ್ನೆ ಎನ್ನಬಹುದಿತ್ತು. ರಿಕವರಿಯವರು ಹೇಳಿದಾಗ ಎನ್ನಬಹುದಿತ್ತು. ಮೂವತ್ತು ವರ್ಷ ಮಕ್ಕಳ ಸುಳ್ಳನ್ನು ಮುಖ ನೋಡಿಯೇ ಹಿಡಿದವಳ ಎದುರು ನನ್ನ ಬಾಯಿಯಿಂದ ನಿಜವೇ ಬಂತು. ‘ಆಪರೇಷನ್ ದಿನ ಬೆಳಿಗ್ಗೆ. ನಿನ್ನನ್ನು ಒಳಗೆ ಕರ್ಕೊಂಡು ಹೋಗುವ ಒಂದು ಗಂಟೆ ಮೊದ್ಲು.’

ಅವಳು ಪೆನ್ನು ಕೆಳಗಿಟ್ಟಳು. ಫೋನು ತೆಗೆದುಕೊಂಡಳು. ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಬೆರಳಿನಿಂದ ಸರಿಸುತ್ತಾ ಓದಿದಳು, ಮತ್ತೆ ಕೆಳಗಿನಿಂದ ಮೇಲಕ್ಕೆ ಓದಿದಳು. ಆ ಅರವತ್ತರಲ್ಲಿ ಇಂಥ ತಮ್ಮನಿಗೆ ಹೇಳುವಂಥದ್ದು ಒಂದೂ ಇರಲಿಲ್ಲ ಎಂದು ನನಗೂ ಗೊತ್ತಿತ್ತು. ಕೊನೆಗೆ ಒಂದು ಕಡೆ ಬೆರಳು ನಿಂತಿತು.

‘ದಯವಿಟ್ಟು ನರ್ಸನ್ನು ಕರೆಯಿರಿ’ ಎಂದಿತು ಅವಳ ಸ್ವರ.

ನೋವು ಬಂತೇನೋ ಎಂದು ನಾನು ಓಡಿದೆ. ನರ್ಸ್ ನನ್ನ ಹಿಂದೆಯೇ ಗಡಿಬಿಡಿಯಲ್ಲಿ ಬಂದಳು. ‘ಎಂತ ಬೇಕಿತ್ತು ಟೀಚರ್? ನೋವುಂಟಾ?’ ಎಂದು ಬಗ್ಗಿ ಕೇಳಿದಳು.

ಅಕ್ಕ ಇಲ್ಲವೆಂದು ತಲೆ ಅಲ್ಲಾಡಿಸಿದಳು. ನನ್ನ ಕಡೆ ಬೆರಳು ತೋರಿಸಿ, ಆಮೇಲೆ ಬಾಗಿಲ ಕಡೆ ತೋರಿಸಿದಳು.