ಅಮ್ಮನಿಗೆ ಗುರುತು ಸಿಗದ ಗಾಡಿ

ಸಮಸ್ತ ಮಿತ್ರರ ಗಮನಕ್ಕೆ: ನನ್ನ ಇಪ್ಪತ್ತೆರಡು ವರ್ಷದ ಬೈಕು ಇಂದು ಬೆಳಗ್ಗೆ ಮರಳಿ ಯೌವನಕ್ಕೆ ಕಾಲಿಟ್ಟಿದೆ!

ಮೊನ್ನೆ ವಿಜಯನಗರದ ಏರಿನಲ್ಲಿ ತರಕಾರಿ ಚೀಲ ಹೇರಿಕೊಂಡ ಸ್ಕೂಟರ್ ಆಂಟಿಯೊಬ್ಬರು ನನ್ನನ್ನು ಹಿಂದೆ ಹಾಕಿ ಹೋಗಿದ್ದರು. ಅವಮಾನ ತಾಳದೆ ಚಂದ್ರಾ ಲೇಔಟಿನ ಮೆಕ್ಯಾನಿಕ್ ರಫೀಕ್ ಭಾಯ್ ಹತ್ತಿರ ಗಾಡಿ ಬಿಟ್ಟೆ. ಅವರು ಕಾರ್ಬುರೇಟರ್ ಜೆಟ್ ಬದಲಿಸಿ, ಹೊಸ ಏರ್ ಫಿಲ್ಟರ್, ಹೊಸ ಸೈಲೆನ್ಸರ್ ಹಾಕಿದರು.

"ಈಗ ಹುಲಿ ಸಾರ್! ಹಳೇ ಸೈಲೆನ್ಸರ್ ಏನ್ಮಾಡ್ಲಿ?"

"ಗುಜರಿಗೆ ಹಾಕ್ಬಿಡಿ" ಅಂದೆ, ಮಹಾರಾಜನ ಗತ್ತಿನಲ್ಲಿ.

ಹುಲಿ ಘರ್ಜಿಸುತ್ತಾ ಮನೆ ಮುಂದೆ ನಿಂತಿತು. ನಮ್ಮಮ್ಮನಿಗೆ ಕಣ್ಣು ಮಂಜು. ಹಳೇ ಗಾಡಿಯ ಗೊರಗೊರ ಸದ್ದು ತಿರುವಿನಲ್ಲಿ ಕೇಳಿದ ಕೂಡಲೇ ಗೇಟಿನ ಚಿಲಕ ತೆಗೆದು, "ಬಂದ ಕಣೇ, ದೋಸೆ ಹಾಕು" ಎಂದು ನನ್ನ ಹೆಂಡತಿಯನ್ನು ಕೂಗುವುದು ಇಷ್ಟು ವರ್ಷವೂ ಅಮ್ಮನ ಕೆಲಸ. ಇಂದು ಗೇಟು ತೆರೆಯಲಿಲ್ಲ.

"ಯಾರಪ್ಪಾ ಅದು? ಗಾಡಿ ಮುಂದೆ ನಿಲ್ಸು. ನನ್ನ ಮಗ ಬರೋ ಹೊತ್ತಾಯ್ತು."

"ಅಮ್ಮಾ, ನಾನೇ."

"ನೀನಾ? ಮತ್ತೆ ನಿನ್ನ ಗಾಡಿ ಎಲ್ಲೋ?"

ವಿವರಿಸಿ ಹೇಳಿದೆ. ತಲೆಯಾಡಿಸಿದರು. ಸಂಜೆ ಹಾಲು ತಂದಾಗಲೂ ಚಿಲಕ ನಾನೇ ತೆಗೆದುಕೊಂಡೆ. ಅಮ್ಮ ತಿರುವಿನ ಕಡೆಗೇ ಕಿವಿಗೊಟ್ಟು ಕೂತಿದ್ದರು. ಅಲ್ಲಿಂದಲೇ ರಫೀಕ್ ಭಾಯ್ ಹತ್ತಿರ ಓಡಿದೆ. ಗುಜರಿಯವನು ಬಂದು ಹೋಗಿಯಾಗಿತ್ತು.

ಚಂದ್ರಾ ಲೇಔಟ್ ಕಡೆಯವರೇ, ಯಾವುದಾದರೂ ಗುಜರಿ ಗಾಡಿಯಲ್ಲಿ ಬಾಲ ನಜ್ಜಾದ, ತಂತಿ ಸುತ್ತಿದ ಸೈಲೆನ್ಸರ್ ಕಂಡರೆ ದಯವಿಟ್ಟು ಎತ್ತಿಟ್ಟುಕೊಂಡು ನನಗೊಂದು ಮೆಸೇಜ್ ಹಾಕಿ. ಆ ಆಂಟಿ ಸಿಕ್ಕರೆ, ಇನ್ಮುಂದೆ ಧಾರಾಳವಾಗಿ ಓವರ್‌ಟೇಕ್ ಮಾಡಿ ಅಂತ ಹೇಳಿಬಿಡಿ.