ಬೇಡವೆನ್ನುವ ಹೊಟ್ಟೆ

ಇನ್ನೂ ಬೆಳಕು ಹರಿದಿಲ್ಲ. ಜೇಜು ದ್ವೀಪದ ನಮ್ಮ ಡೋಲ್ಗಟ್ ದಡದಲ್ಲಿ, ಕಪ್ಪುಕಲ್ಲಿನ ಗೋಡೆಯೊಳಗೆ ಬೆಂಕಿ ಉರಿಯುತ್ತಿದೆ. ಉಸಿರು ಬಿಗಿಹಿಡಿದು ಕಡಲಡಿಗಿಳಿದು ಚಿಪ್ಪು ಕೀಳುವ ಹೆಂಗಸರು ರಬ್ಬರ್ ಉಡುಪು ತೊಟ್ಟು ಸುತ್ತ ಕೂತಿದ್ದಾರೆ; ಕಡಲಿಗಿಳಿಯದ ನಾನು ಗೋಡೆಗೊರಗಿ ನೋಡುತ್ತಿದ್ದೇನೆ. ಬೆಂಕಿಗೆ ಹತ್ತಿರದ ಕಲ್ಲು ಗುಂಪಿನ ಹಿರಿಯಳದು. ಎಪ್ಪತ್ತು ದಾಟಿದ ಬು ಒಕ್‌ಸುನ್ ಅಲ್ಲಿದ್ದಾರೆ. ಇಳಿಯಬೇಕೋ ಬೇಡವೋ ಎಂಬ ಮಾತು ಆ ಕಲ್ಲಿನಿಂದಲೇ ಬರಬೇಕು.

ಮೊದಲು ಮಿರ್ಯೊಂಗ್ ಫೋನ್ ನೋಡಿ ಓದುತ್ತಾಳೆ. ಬ್ಯಾಂಕಿನ ಕೆಲಸ ಬಿಟ್ಟು ಗುಂಪು ಸೇರಿದವಳು, ಎಲ್ಲರಿಗಿಂತ ಕಿರಿಯಳು. ಗಾಳಿ ಕಡಿಮೆ, ಅಲೆ ಸಣ್ಣದು, ಸೆಳೆತ ನಿಧಾನ ಎನ್ನುತ್ತಿದೆ ಬಂದರಿನಾಚೆ ತೇಲುವ ಅಳತೆಯಂತ್ರ. ಆಮೇಲೆ ಎಲ್ಲರೂ ಒಕ್‌ಸುನ್ ಮುಖ ನೋಡುತ್ತಾರೆ.

"ಇವತ್ತು ಬೇಡ. ಯಾಕೆ ಅಂದ್ರೆ ಹೇಳೋಕೆ ಬರಲ್ಲ. ಹೊಟ್ಟೇಲಿ ಏನೋ ಸರಿಯಿಲ್ಲ."

"ರಾತ್ರಿ ಮೂಲಂಗಿ ಜಾಸ್ತಿ ತಿಂದಿರ್ತೀಯ ಕಣೆ," ಎನ್ನುತ್ತಾರೆ ಓರಗೆಯ ಬೊಂಗ್ನ್ಯೊ. ಹಾಗೆಂದರೂ ಉಡುಪು ಕಳಚುವವರಲ್ಲಿ ಅವರೇ ಮೊದಲು.

ಆ ದಿನವಿಡೀ ಕಡಲು ಕೊಳದಂತೆ ಮಲಗಿರುತ್ತದೆ. ಪಕ್ಕದ ಹಳ್ಳಿಯವರು ಬಲೆಚೀಲ ತುಂಬಿಕೊಂಡು ಮೇಲೆ ಬರುವುದು ಇಲ್ಲಿಗೂ ಕಾಣುತ್ತದೆ. ಒಕ್‌ಸುನ್ ತಾವು ಹೇಳಿದ್ದೇ ಸರಿ ಎಂದು ವಾದಿಸುವುದಿಲ್ಲ. ತಡೆದ ಅಪಾಯಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಅಪಾಯವೇ ಇರಲಿಲ್ಲವೇನೋ, ಅದೂ ಅವರಿಗೆ ಗೊತ್ತಿಲ್ಲ.

ತಮ್ಮ ಹೊಟ್ಟೆಯನ್ನು ಅವರು ಪೂರ್ತಿ ನಂಬಿದವರೂ ಅಲ್ಲ. ಕೆಲವು ವರ್ಷಗಳ ಹಿಂದೆ ಯಂತ್ರ ಬೇಡವೆಂದಿತ್ತು, ಹೊಟ್ಟೆ ಸುಮ್ಮನಿತ್ತು. "ಕಬ್ಬಿಣದ ಡಬ್ಬಕ್ಕೇನು ಗೊತ್ತು ಅಂತ ನಕ್ಕು ಎಲ್ಲರನ್ನೂ ಇಳಿಸ್ದೆ. ನಾದಿನಿ ಮೇಲೆ ಬರ್ಲಿಲ್ಲ." ಆಕೆಯ ತಿಥಿ ಮುಗಿದ ಮೇಲೆ ಅವರೇ ನಿಯಮ ಮಾಡಿದರು: ಯಂತ್ರ, ಹೊಟ್ಟೆ, ಎರಡರಲ್ಲಿ ಒಂದು ಬೇಡವೆಂದರೂ ಇಳಿಯುವಂತಿಲ್ಲ.

ಈಗ ಊರಿನ ಮೀನುಗಾರರ ಸಂಘಕ್ಕೆ ಈ ನಿಯಮ ಭಾರವಾಗಿದೆ. ಕಾರಣ ಕೊಡಲಾಗದ ಮಾತಿಗೆ ಇಷ್ಟು ಮನೆಗಳ ದುಡಿಮೆ ನಿಲ್ಲಬಾರದು, ಇನ್ನು ಯಂತ್ರ ಹೇಳಿದಂತೆ ನಡೆಯಲಿ ಎಂಬುದು ಅದರ ವಾದ. ಅದನ್ನು ಸುಳ್ಳೆನ್ನುವುದು ಸುಲಭವಲ್ಲ. ನಾಳೆ ಸಂಜೆಯ ಸಭೆಯಲ್ಲಿ ತೀರ್ಮಾನವಾಗಲಿದೆ.

ಮರುದಿನ ಬೆಳಗ್ಗೆ ಯಂತ್ರ ಹೂಂ ಎನ್ನುತ್ತದೆ. ಒಕ್‌ಸುನ್ ಹೊಟ್ಟೆಯೂ ಶಾಂತವಾಗಿದೆ. ಇಂದು ಚೀಲ ತುಂಬಿ ನಿನ್ನೆಯ ನಷ್ಟ ನೀಗಿದರೆ ಸಂಜೆಯ ಸಭೆಯಲ್ಲಿ ಅವರ ಮಾತಿಗೆ ಬಲ ಬರುತ್ತದೆ. ಮುಳುಗಲು ಭಾರ ಕೊಡುವ ಸೀಸದ ಪಟ್ಟಿಯನ್ನು ಅವರು ಸೊಂಟಕ್ಕೆ ಬಿಗಿದುಕೊಂಡೂ ಆಗಿದೆ.

"ದೊಡ್ಡಮ್ಮಾ," ಎನ್ನುತ್ತಾಳೆ ಮಿರ್ಯೊಂಗ್, ಫೋನಿನಿಂದ ತಲೆಯೆತ್ತದೆ. "ನಂಗ್ಯಾಕೋ ಬೇಡ ಅನ್ನಿಸ್ತಿದೆ. ಏನೂಂತ ಗೊತ್ತಾಗ್ತಿಲ್ಲ."

ಸಭೆಯಿರುವ ದಿನವೇ ಇದನ್ನು ಹೇಳಬೇಕಿತ್ತೇ ಎಂದು ಬೊಂಗ್ನ್ಯೊ ಗೊಣಗುತ್ತಾರೆ. ಒಕ್‌ಸುನ್ ಹುಡುಗಿಯ ಮುಖ ನೋಡುತ್ತಾರೆ. ನಂತರ ಸೀಸದ ಪಟ್ಟಿ ಬಿಚ್ಚಿ ನೆಲಕ್ಕಿಡುತ್ತಾರೆ. ಒಬ್ಬೊಬ್ಬರಾಗಿ ಉಳಿದವರೂ ಬಿಚ್ಚುತ್ತಾರೆ.

ಸಂಜೆ ಸಭೆಯಲ್ಲಿ ಏನು ಹೇಳುತ್ತೀರಿ ಎಂದು ಒಕ್‌ಸುನ್ ಅವರನ್ನು ಕೇಳುತ್ತೇನೆ.

"ಹೇಳೋಕೆ ಏನಿದೆ? ಸಂಘದವರು ನನ್ನ ಮಾತು ತೆಗೆದುಹಾಕಿದ್ರೆ ಹಾಕ್ಲಿ. ಎಲ್ಲರೂ ಹೋಗೋಣ ಅಂತ ಕೂತಾಗ ಬೇಡ ಅನ್ನೋಕೆ ನಂಗೆ ಇಪ್ಪತ್ತು ವರ್ಷ ಬೇಕಾಯ್ತು. ಇವಳು ಇವತ್ತೇ ಅಂದ್ಳು."