ಕುಡುಕನಾಗಿದ್ದಕ್ಕೆ ಸಾಕ್ಷಿ

"ನಾ ಕುಡುಕ ಇದ್ದೆ ಅಂತ ಇಲ್ಲೊಂದು ಸಹಿ ಮಾಡ್ರಿ ಸರ" ಎಂದು ಮಲ್ಲಪ್ಪ ಯಮಕನಮರಡಿಯ ಚಹಾದಂಗಡಿಯಲ್ಲಿ ಅರ್ಜಿಯನ್ನು ನನ್ನ ಮುಂದಿಟ್ಟ. ತಾನು ಕುಡಿತ ಬಿಟ್ಟ ಮೇಲೆ, ಬಿಡಲು ಹೆಣಗುವವರನ್ನು ದಿನಾ ಸಂಜೆ ಕೂಡಿಸಿಕೊಂಡು ಮಾತಾಡಿಸುತ್ತಿದ್ದವನು ಅವನು. ಅದಕ್ಕೀಗ ಸರ್ಕಾರದ ನೋಂದಣಿ ಬೇಕು. ನೋಂದಣಿಗೆ, ಅವನ ಕುಡಿತವನ್ನು ಕಣ್ಣಾರೆ ಕಂಡ ಪದವೀಧರರ ಸಾಕ್ಷಿ ಬೇಕು.

"ಜೋಡಿ ಕುಡದವ್ರ ಸಹಿ ನಡ್ಯಾಂಗಿಲ್ಲಂತ. ಬಸ್‌ಸ್ಟ್ಯಾಂಡಿನ್ಯಾಗ ಬಿದ್ದಾಗ ನನ್ನ ಎಬ್ಬಿಸಿದವ್ರು ನೀವ ಅಲ್ರಿ?"

ಯಾರನ್ನೋ ಎಬ್ಬಿಸಿದ್ದು ನಿಜ. ಆ ಮುಖ ಇವನದೇ ಎಂಬ ಖಾತ್ರಿ ನನಗಿರಲಿಲ್ಲ. ಸಹಿ ಹಾಕಲಿಲ್ಲ.

"ಊರಿಗೆಲ್ಲಾ ಗೊತ್ತೈತ್ರಿ. ಸರಕಾರಕ್ಕ ಮತ್ತ ನಿಮಗ ಅಷ್ಟ ಗೊತ್ತಿಲ್ಲ" ಎಂದು ನಕ್ಕು ಎದ್ದುಹೋದ.

ನೋಂದಣಿ ಸಿಗದೆ ಈಗ ಸಂಜೆಯ ಕೂಟ ನಿಂತಿದೆ. ಬರುತ್ತಿದ್ದವರಲ್ಲಿ ನಾಲ್ವರು ಮತ್ತೆ ಕುಡಿಯುತ್ತಿದ್ದಾರೆ, ಮಲ್ಲಪ್ಪನೂ ಶುರುಮಾಡಿದ್ದಾನಂತೆ. ಸುಳ್ಳು ಬರೆಯಲಿಲ್ಲವೆಂಬ ಸಮಾಧಾನವಾದರೂ ಬಂದೀತೆಂದು ಕಾದೆ. ಬರಲಿಲ್ಲ.